ಕ್ಯಾನನ್ 1500ಡಿ: ಮ್ಯಾನ್ಯುಯಲ್ ಕಲಿಯುವವರಿಗೆ ಹೇಗಿದೆ?

ಕ್ಯಾನನ್ 1500ಡಿ 2018ರಲ್ಲಿ ಬಂದ ಕ್ಯಾಮೆರಾ. 24.1 ಮೆಗಾಪಿಕ್ಸೆಲ್, ಜೊತೆಗೆ ಬಾಡಿಯೊಂದಿಗೇ ಸಿಗುವ 18-55 ಎಮ್‌ಎಮ್ ಕಿಟ್ ಲೆನ್ಸ್. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ, ಹೆಚ್ಚಾಗಿ ಎಮ್ ಮೋಡ್‌ನಲ್ಲೇ, ಅಂದರೆ ಬೆಳಕಿನ ಲೆಕ್ಕವೆಲ್ಲ ನಾವೇ ಹೊಂದಿಸುವ ಮ್ಯಾನ್ಯುಯಲ್‌ನಲ್ಲಿ. ಹೊಸಬರು ಮ್ಯಾನ್ಯುಯಲ್ ಕಲಿಯೋಕೆ ಇದು ಹೇಗಿದೆ ಅನ್ನೋದನ್ನಷ್ಟೇ ಇಲ್ಲಿ ಹೇಳುತ್ತೇನೆ.

ತುಂಬಾ ಚೆನ್ನಾಗಿದೆ. ಇದರ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100, 200, 400 ಅಂತ ದುಪ್ಪಟ್ಟಾಗುತ್ತಲೇ 6400ರವರೆಗೆ ಹೋಗುತ್ತದೆ. ನಡುವಿನ ಅಂಕಿಗಳೇ ಇಲ್ಲ. ಶಟರ್ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದು), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎರಡಕ್ಕೂ ಡಯಲ್‌ನ ಮೂರು ಕ್ಲಿಕ್ ಅಂದರೆ ಒಂದು ಸ್ಟಾಪ್, ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ. ಐಎಸ್ಒ 400ರಿಂದ 800ಕ್ಕೆ ಏರಿಸಿದಿರಾ? ಶಟರ್ ಮೂರು ಕ್ಲಿಕ್ ಜೋರು ಮಾಡಿ, ಫೋಟೊದ ಬೆಳಕು ಹಾಗೇ ಇರುತ್ತದೆ. ಈ ಲೆಕ್ಕ ಬೆರಳಿಗೆ ರೂಢಿಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಮೊದಲು ಲೈವ್ ವ್ಯೂ ಹಾಕಿಕೊಂಡೇ ಕಲಿಯಿರಿ. ಡಯಲ್ ತಿರುಗಿಸಿದಂತೆ ಹಿಂದಿನ ಪರದೆಯ ಚಿತ್ರ ಬೆಳಗುವುದೂ ಕಪ್ಪಾಗುವುದೂ ಕಣ್ಣೆದುರೇ ಕಾಣುತ್ತದೆ.

ಬೆಳಕು ಅಳೆದು ತೋರಿಸುವ ಮೀಟರ್‌ನ ಗುರುತು ನಡುವಿಗೆ ಬಂದ ಮಾತ್ರಕ್ಕೆ ಸರಿಯಾಯಿತು ಅಂತಲ್ಲ. ಎದುರಿಗೆ ಏನೇ ಇದ್ದರೂ ಅದು ನಡುಮಟ್ಟದ ಬೂದು ಬಣ್ಣ ಅಂದುಕೊಂಡೇ ಮೀಟರ್ ಲೆಕ್ಕ ಹಾಕುವುದು. ಫ್ರೇಮ್ ತುಂಬ ಬಿಳಿ ಪಂಚೆ ಇದ್ದರೆ ಪಂಚೆ ಮಂಕಾಗುತ್ತದೆ, ಕರಿ ಎಮ್ಮೆ ಇದ್ದರೆ ಎಮ್ಮೆ ಬಿಳಚಿಕೊಳ್ಳುತ್ತದೆ. ಬಿಳಿಗೆ ಒಂದು ಸ್ಟಾಪ್ ಮೇಲೆ, ಕಪ್ಪಿಗೆ ಒಂದು ಸ್ಟಾಪ್ ಕೆಳಗೆ ಇಟ್ಟು ನೋಡಿ.

ಎಮ್ ಮೋಡ್‌ನ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಯಕ್ಷಗಾನದ ಆಟಗಳಲ್ಲಿ. ಹಿಂದೆ ಕತ್ತಲು, ವೇಷದ ಮೇಲೆ ಮಾತ್ರ ಬೆಳಕು. ಆಟೋದಲ್ಲಿಟ್ಟರೆ ಕ್ಯಾಮೆರಾ ಕತ್ತಲನ್ನೂ ಲೆಕ್ಕಕ್ಕೆ ತಗೊಂಡು ಬೆಳಕು ಜಾಸ್ತಿ ಮಾಡುತ್ತದೆ. ಮುಖವರ್ಣಿಕೆ ಪೂರ್ತಿ ಬೆಳ್ಳಗಾಗಿ ಗೆರೆಗಳೇ ಮಾಯ. ಎಮ್‌ನಲ್ಲಿ ಹಾಗಲ್ಲ. ಮುಖದ ಬೆಳಕಿಗೆ ಒಮ್ಮೆ ಹೊಂದಿಸಿದರೆ ರಂಗಸ್ಥಳದ ಲೈಟು ಬದಲಾಗುವ ತನಕ ಏನೂ ಮುಟ್ಟಬೇಕಿಲ್ಲ. ನಾನು ಸಾಮಾನ್ಯವಾಗಿ ಐಎಸ್ಒ 1600, ಎಫ್/2, ಸೆಕೆಂಡಿನ 1/250 ಇಟ್ಟು ಶುರು ಮಾಡುತ್ತೇನೆ. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹೊಡೆಯುವಾಗ 1/500 ಬೇಕು, ಆಗ ಐಎಸ್ಒ 3200. ಕಾಳು ಕಾಳಾಗಿ ಸ್ವಲ್ಪ ಕಾಣುತ್ತದೆ, ಆದರೂ ಪರವಾಗಿಲ್ಲ. 6400 ನನಗೆ ಹಿಡಿಸುವುದಿಲ್ಲ.

ಎಲ್‌ಇಡಿ ಲೈಟಿದ್ದರೆ ಹುಷಾರು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಜೋರಾಗಿದ್ದರೆ ಫೋಟೊದಲ್ಲಿ ಕಪ್ಪು ಪಟ್ಟಿಗಳು ಬೀಳುತ್ತವೆ. 1/100 ಅಥವಾ 1/50ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಆದರೆ ಅಷ್ಟು ನಿಧಾನದಲ್ಲಿ ಕುಣಿತ ಮಸುಕಾಗುತ್ತದೆ, ಆಗ ವೇಷ ನಿಂತು ಮಾತಾಡುವ ಹೊತ್ತಿಗೇ ಕಾಯಬೇಕು.

ಬೇಸರ ತರುವ ಸಂಗತಿ ಡಯಲ್ ಒಂದೇ ಇರುವುದು. ಅಪರ್ಚರ್ ಬದಲಿಸಲು ಹಿಂದಿನ ಎವಿ ಬಟನ್ ಒತ್ತಿ ಹಿಡಿದೇ ಡಯಲ್ ತಿರುಗಿಸಬೇಕು. ಮನೆಯಲ್ಲಿ ಕೂತು ಕಲಿಯುವಾಗ ಗೊತ್ತಾಗಲ್ಲ, ಆಟದ ನಡುವೆ ಹೆಬ್ಬೆರಳು ತಡಕಾಡುತ್ತದೆ. ಕಿಟ್ ಲೆನ್ಸಿನದು ಇನ್ನೊಂದು ತೊಂದರೆ. 18ರಲ್ಲಿ ಎಫ್/3.5 ಸಿಗುತ್ತದೆ, 55ಕ್ಕೆ ಜೂಮ್ ಮಾಡಿದರೆ ಎಫ್/5.6. ಪೂರ್ತಿ ತೆರೆದಿಟ್ಟು ಜೂಮ್ ಮಾಡಿದರೆ ನೀವು ಏನೂ ಮುಟ್ಟದಿದ್ದರೂ ಫೋಟೊ ಕಪ್ಪಾಗುತ್ತದೆ. ಹೊಸಬರು ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ. ಕಲಿಯುವಷ್ಟು ದಿನ ಎಫ್/5.6 ಅಥವಾ 8ರಲ್ಲೇ ಇಡಿ.

ಮೋಡ ಬಂದು ಹೋಗುವ ಬಯಲಿನಲ್ಲಿ, ಮಕ್ಕಳು ಓಡಾಡುವ ಕಡೆ ನಾನು ಎವಿ ಮೋಡ್‌ಗೇ (ಅಪರ್ಚರ್ ನಾವಿಟ್ಟು ಶಟರ್ ಕ್ಯಾಮೆರಾಕ್ಕೆ ಬಿಡುವುದು) ಹೋಗುತ್ತೇನೆ. ಅಲ್ಲಿ ಹಠ ಹಿಡಿದು ಎಮ್ ಬಳಸುವುದರಲ್ಲಿ ಅರ್ಥವಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆ: ಬಾಡಿ ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಉಳಿದ ದುಡ್ಡಲ್ಲಿ ಕ್ಯಾನನ್ 50 ಎಮ್‌ಎಮ್ ಎಫ್/1.8 ಎಸ್‌ಟಿಎಮ್ ಲೆನ್ಸ್ ತಗೊಳ್ಳಿ. ಎಫ್/5.6ಕ್ಕಿಂತ ಮೂರು ಸ್ಟಾಪ್‌ಗೂ ಹೆಚ್ಚು ಬೆಳಕು ಸಿಗುತ್ತದೆ. ಮೇಲೆ ಹೇಳಿದ ಎಫ್/2 ಇದರದ್ದೇ.