ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ: ಐದರಲ್ಲಿ ಮೂರು ಸ್ಟಾರ್

ಪಾವಗಡ ಸೀಮೆಯ ನಮ್ಮೂರಲ್ಲಿ ಈ ಸಲದ ಮಕ್ಕಳ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಮಗಳು ಏಳನೇ ಕ್ಲಾಸು, ಅವಳ ಜೊತೆ ನಾನೂ ಹೋಗಿದ್ದೆ. ಪಂಚಾಯಿತಿ ಮಾಡುವ ಕೆಲಸಗಳಲ್ಲಿ ನನಗೆ ಜಾಸ್ತಿ ಬೇಕೆನಿಸುವುದು ಇದೇ. ದೊಡ್ಡವರ ಕೈಯಲ್ಲಿ ಓಟಿದೆ, ಜಗಳ ಮಾಡಿ ಕೇಳುತ್ತಾರೆ. ಮಕ್ಕಳು ಎಲ್ಲಿ ಕೇಳಬೇಕು? ಎಲ್ಲ ಪಂಚಾಯಿತಿಗಳೂ ಈ ಸಭೆ ನಡೆಸಬೇಕು ಎಂದು ಸರ್ಕಾರ 2006ರಲ್ಲೇ ಸುತ್ತೋಲೆ ಹೊರಡಿಸಿದೆ.

ಶೌಚಾಲಯದ ಬಾಗಿಲು, ಆಟದ ಸಾಮಾನು ಎಲ್ಲಾ ಬಂತು. ಆಮೇಲೆ ಒಬ್ಬ ಹುಡುಗ ಮೈಕ್ ಹಿಡಿದು, ಬೆರಳಲ್ಲಿ ತುಟಿ ಎತ್ತಿ ಹಲ್ಲು ತೋರಿಸಿದ. ಅಡ್ಡಕ್ಕೆ ಕಂದು ಗೆರೆಗಳು. "ನಮ್ಮ ತಾತನ ಹಲ್ಲು ಚೆನ್ನಾಗಿದೆ ಸಾರ್, ನಂದ್ಯಾಕೆ ಹೀಗೆ?" ಎಂದ. ಪಿಡಿಒ ಬರೆದುಕೊಂಡರು.

ತಾತ ಕುಡಿದದ್ದು ತೆರೆದ ಬಾವಿ ನೀರು. ಈಗ ಬಾವಿಗಳೆಲ್ಲಾ ಬತ್ತಿವೆ. ಮಳೆ ಕೈಕೊಟ್ಟಾಗಲೆಲ್ಲಾ ನಾವು ಬೋರನ್ನು ಇನ್ನೂ ಆಳಕ್ಕೆ ಕೊರೆಸುತ್ತೇವೆ. 2023ರಲ್ಲಿ ರಾಜ್ಯದ 223 ತಾಲೂಕುಗಳಿಗೆ ಬರ ಬಂದಾಗಲೂ ಮಾಡಿದ್ದು ಅದನ್ನೇ. ಆಳದ ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಫ್ಲೋರೈಡ್ ಸೇರಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹಲ್ಲು ರೂಪುಗೊಳ್ಳುವ ವಯಸ್ಸಲ್ಲಿ ಕುಡಿದರೆ ಕಲೆ ತಾನಾಗಿ ಹೋಗುವುದೇ ಇಲ್ಲ. ನೀರು ಎತ್ತಿ ಖಾಲಿ ಮಾಡಿದವರು ನಾವು, ಅನುಭವಿಸುವವರು ಅವರು. ಹವಾಮಾನ ಕೆಡುವುದು ಮಕ್ಕಳ ಹಕ್ಕಿನ ಪ್ರಶ್ನೆ, ತೀರ್ಮಾನ ಮಾಡುವಾಗ ಅವರ ಮಾತು ಕೇಳಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2023ರಲ್ಲಿ ಹೇಳಿತಲ್ವಾ, ಆ ಮಾತು ನಮ್ಮೂರಿಗೆ ಅಕ್ಷರಶಃ ಹೊಂದುತ್ತದೆ.

ಕೇಳಿಸಿಕೊಂಡ ರೀತಿಗೆ ಪೂರ್ತಿ ಅಂಕ. ಮಕ್ಕಳನ್ನು ಮುಂದೆ ಕೂರಿಸಿದ್ದರು, ಮಧ್ಯೆ ಬಾಯಿ ಹಾಕಿದ ದೊಡ್ಡವರನ್ನು ಸುಮ್ಮನಿರಿಸಿದರು.

ಸ್ಟಾರ್ ಕಳೆದದ್ದು ಬೇರೆ ಕಾರಣಕ್ಕೆ. ಶುದ್ಧ ನೀರಿನ ಘಟಕ ರಿಪೇರಿ ಮಾಡಿಸಿ ಎಂದು ಮಕ್ಕಳು ಹೋದ ವರ್ಷವೇ ಕೇಳಿದ್ದರು. ಇನ್ನೂ ಬೀಗ ಬಿದ್ದಿದೆ. ಸ್ಕೂಲ್ ಬಿಟ್ಟ ಮೇಲೆ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು, ಕಾಯಿನ್ ಹಿಡಿದು, ಪಕ್ಕದೂರಿನ ಘಟಕಕ್ಕೆ ಹೋಗುತ್ತಾರೆ. ಮಗಳು ಎದ್ದು "ಹಿಂದಿನ ಸಭೆಯ ನಡಾವಳಿ ಓದಿ" ಎಂದಳು. ಪುಸ್ತಕ ತಂದೇ ಇರಲಿಲ್ಲ.

ವರ್ಷಕ್ಕೊಂದು ಸಭೆ ಸಾಲದು. ಬೇಸಿಗೆ ಶುರುವಾಗುವ ಮುಂಚೆ ಇನ್ನೊಮ್ಮೆ ಕೂರಿಸಿ, ಏನಾಯಿತು ಅಂತ ಓದಿ ಹೇಳಬೇಕು. ಕೆರೆ ಹೂಳೆತ್ತಿಸಿ, ನೀರು ಇಂಗಲಿ ಎಂದೂ ಮಕ್ಕಳು ಕೇಳಿದ್ದಾರೆ, ಅದು ಕ್ರಿಯಾ ಯೋಜನೆಗೆ ಸೇರಬೇಕು. ನಿಮ್ಮೂರಲ್ಲಿ ಸಭೆಯಾದರೆ ಮಕ್ಕಳನ್ನು ತಪ್ಪದೇ ಕಳಿಸಿ. ನಡಾವಳಿಯ ಒಂದು ಪ್ರತಿ ಕೇಳಿ ಪಡೆಯಿರಿ.