ನಿಂಟೆಂಡೊ 64: ಆರ್‌ಜಿಬಿ ಹಾಕಿಸಲೇ, ಎಚ್‌ಡಿಎಂಐ ಹಾಕಿಸಲೇ?

ನಿಂಟೆಂಡೊ 64 ಹಳೆಯ ಗೇಮ್ ಕನ್ಸೋಲ್. ಅದರ ಚಿತ್ರ ಟಿವಿಯಲ್ಲಿ ಚೊಕ್ಕವಾಗಿ ಕಾಣಲೆಂದು ಒಳಗೆ ಬೆಸುಗೆ ಹಾಕಿಸಿ ಹೊಸ ಔಟ್‌ಪುಟ್ ಕೊಡಿಸಬಹುದು: ಆರ್‌ಜಿಬಿ (ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಕಳಿಸುವ ಅನಲಾಗ್ ಸಂಕೇತ) ಇಲ್ಲವೇ ಎಚ್‌ಡಿಎಂಐ (ಈಗಿನ ಟಿವಿಗಳ ಡಿಜಿಟಲ್ ಸಂಪರ್ಕ). ಮೊದಲೇ ಒಂದು ಮಾತು: ಜಪಾನ್, ಅಮೆರಿಕದ ಮಾದರಿಗಳಲ್ಲಿ ಎಸ್-ವಿಡಿಯೊ (ಬೆಳಕು, ಬಣ್ಣಗಳನ್ನು ಬೇರೆಬೇರೆಯಾಗಿ ಕಳಿಸುವ ಸಂಪರ್ಕ) ಹುಟ್ಟಿನಿಂದಲೇ ಇದೆ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಾಂಪೊಸಿಟ್ ಕೇಬಲ್ ಬಿಟ್ಟು ಅದನ್ನು ಸಿಕ್ಕಿಸಿದರೆ ಬಣ್ಣಗಳ ಕಲಸುಮೇಲೋಗರ ಬಹುಪಾಲು ಹೋಗುತ್ತದೆ. ಅಷ್ಟಕ್ಕೇ ತೃಪ್ತಿಯಾದರೆ ಬೆಸುಗೆಯೇ ಬೇಡ.

ಖರ್ಚಿನಲ್ಲಿ ಆರ್‌ಜಿಬಿ ಅಗ್ಗ. ಆರಂಭದ ಬೋರ್ಡುಗಳಲ್ಲಿ ಆರ್‌ಜಿಬಿ ಸಂಕೇತ ಚಿಪ್ಪಿನ ಕಾಲಿನವರೆಗೆ ಬಂದು ನಿಂತಿರುತ್ತದೆ. ಪುಟ್ಟ ಆಂಪ್ಲಿಫೈಯರ್, ನಾಲ್ಕಾರು ತಂತಿ ಸಾಕು. ನಂತರದವಕ್ಕೆ ಡಿಜಿಟಲ್ ಸಂಕೇತ ಹಿಡಿಯುವ ಬೇರೆ ಬೋರ್ಡು ಬೇಕು. ಹಾಗಾಗಿ ಕಿಟ್ ಕೊಳ್ಳುವ ಮುನ್ನ ಮುಚ್ಚಳ ತೆಗೆದು ನೋಡಿ (ಸ್ಕ್ರೂಗಳಿಗೆ 4.5 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು).

ಎಚ್‌ಡಿಎಂಐ ದುಬಾರಿ, ಕೆಲಸವೂ ಬಲು ನಾಜೂಕು. ಕೂದಲೆಳೆಯಂಥ ಪಿನ್ನುಗಳಿಗೆ ಬೆಸುಗೆ ಹಾಕಬೇಕು. ಕೈ ಪಳಗಿದವರಿಗೇ ಕೊಡಿ. ಆದರೆ ಚಿತ್ರ ಅನಲಾಗ್‌ಗೆ ಇಳಿಯದೆ ನೇರ ಡಿಜಿಟಲ್ಲಾಗಿಯೇ ಹೊರಬರುತ್ತದೆ. ಕನ್ಸೋಲ್ ತಾನೇ ಬಳಿಯುವ ಮಸುಕನ್ನೂ ಕೆಲವು ಕಿಟ್‌ಗಳು ತೆಗೆಯಬಲ್ಲವು. ನನ್ನನ್ನು ಸೆಳೆಯುವುದು ಅದೇ.

ಕೊನೆಗೆ ನಿರ್ಧರಿಸುವುದು ನಿಮ್ಮ ಟಿವಿ. ಆರ್‌ಜಿಬಿ ಒಪ್ಪುವ ಸಿಆರ್‌ಟಿಯೋ (ಹಳೆಯ ಪಿಕ್ಚರ್ ಟ್ಯೂಬ್ ಟಿವಿ) ಒಳ್ಳೆಯ ಸ್ಕೇಲರೋ (ಹಳೆಯ ಸಂಕೇತವನ್ನು ಹೊಸ ಟಿವಿಗೆ ಹೊಂದಿಸುವ ಪೆಟ್ಟಿಗೆ) ಆಗಲೇ ಮನೆಯಲ್ಲಿದ್ದರೆ ಆರ್‌ಜಿಬಿ ಹಾಕಿಸಿ. ಇರುವುದು ಎಲ್‌ಇಡಿ ಟಿವಿ, ಹಳೆಯ ಕನ್ಸೋಲೂ ಇದೊಂದೇ ಎಂದಾದರೆ ಎಚ್‌ಡಿಎಂಐ ಲೇಸು. ಆರ್‌ಜಿಬಿಯಲ್ಲಿ ಉಳಿಸಿದ ದುಡ್ಡನ್ನು ಸ್ಕೇಲರ್ ನುಂಗಿಬಿಡುತ್ತದೆ.