ಸ್ಟಿನಿವಾಗೆ ಹವಾಯಿ ಚಪ್ಪಲಿಯಲ್ಲಿ ಇಳಿಯಬೇಡಿ

ಸ್ಟಿನಿವಾದ ಫೋಟೋವನ್ನು ನೀವೂ ಎಲ್ಲೋ ನೋಡಿರುತ್ತೀರಿ. ಎತ್ತರದ ಎರಡು ಬಂಡೆಗಳು ಹತ್ತಿರ ಹತ್ತಿರ ಬಂದು ನಾಲ್ಕೈದು ಮೀಟರ್ ಸಂದಿ ಬಿಟ್ಟಿವೆ. ಆ ಸಂದಿಯಿಂದ ಕಡಲು ಒಳಗೆ ಬರುತ್ತದೆ. ಒಳಗೆ ಬಾಣಲೆಯ ಹಾಗೆ ಗುಂಡಗಿನ ಜಾಗ, ದಡದ ತುಂಬ ಬಿಳಿ ಉರುಟು ಕಲ್ಲು. ಇರುವುದು ಕ್ರೊಯೇಷಿಯಾದ ವಿಸ್ ದ್ವೀಪದಲ್ಲಿ. 2016ರಲ್ಲಿ ಯುರೋಪಿನ ಅತಿ ಚೆಂದದ ಬೀಚ್ ಅಂತ ಜನ ಓಟು ಹಾಕಿ ಗೆಲ್ಲಿಸಿದ್ದು ಇದನ್ನೇ. ಚೆಂದ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಫೋಟೋದಲ್ಲಿ ಇಳಿಯುವ ದಾರಿ ಕಾಣಿಸುವುದಿಲ್ಲ.

2023ರ ಜನವರಿಯಿಂದ ಕ್ರೊಯೇಷಿಯಾಕ್ಕೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸಾಕು, ದುಡ್ಡೂ ಯೂರೋನೇ. ಅದಕ್ಕೇ ಜರ್ಮನಿ ಕಡೆ ಇರುವ ನಮ್ಮವರು ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೊರಡುತ್ತಾರೆ. ನಾವೂ ಹಾಗೇ ಹೋದವರು. ಮ್ಯೂನಿಕ್‌ನಿಂದ ನಾನು, ನನ್ನ ಗಂಡ, ಮೈಸೂರಿಂದ ಬಂದಿದ್ದ ಅಮ್ಮ. ಅಮ್ಮನಿಗೆ 63. ಬೀಚ್ ಅಂದರೆ ಅವರಿಗೆ ಮಲ್ಪೆ, ಗೋಕರ್ಣ. ಚಪ್ಪಲಿ ಬಿಟ್ಟು ಮರಳಲ್ಲಿ ನಡೆಯುವುದು. ಸುಳ್ಳು ಯಾಕೆ, ನನಗೂ ಅಷ್ಟೇ ಗೊತ್ತಿದ್ದದ್ದು.

ಕ್ರೊಯೇಷಿಯಾದ ಬಂದರು ಪಟ್ಟಣ ಸ್ಪ್ಲಿಟ್‌ನಿಂದ ಬೆಳಗಿನ ಫೆರಿ ಹಿಡಿದು, ಎರಡು ಗಂಟೆಗೂ ಜಾಸ್ತಿ ಕೂತು ವಿಸ್ ತಲುಪಿದೆವು. ಸಂಜೆ ಫೆರಿಗೆ ವಾಪಸ್ ಅಂತ ಲೆಕ್ಕ. ಬಂದರಿನ ಹತ್ತಿರ ಕಾರು ಬಾಡಿಗೆಗೆ ಕೊಟ್ಟವನನ್ನು ದಾರಿ ಹೇಗಿದೆ ಅಂತ ಕೇಳಿದರೆ, "ಹತ್ತು ನಿಮಿಷ, ಈಸಿ" ಅಂದ. ಪಾಪ, ಅವನ ಕಾಲಿಗೆ ಹತ್ತು ನಿಮಿಷವೇ ಇರಬಹುದು.

ಕಾರು ಮೇಲೆ ಗುಡ್ಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಕಾಲುದಾರಿ. ಮೊದಲ ಐವತ್ತು ಹೆಜ್ಜೆ ಪರವಾಗಿಲ್ಲ. ಆಮೇಲೆ ದಾರಿ ಅನ್ನುವುದೇ ಇಲ್ಲ, ಬರೀ ಸಡಿಲ ಕಲ್ಲು. ಒಂದರ ಮೇಲೆ ಕಾಲಿಟ್ಟರೆ ಇನ್ನೊಂದು ಜಾರುತ್ತದೆ. ಕೆಲವು ಕಡೆ ಕೂತು, ಕೈಯೂರಿಯೇ ಇಳಿಯಬೇಕು. 1967ರಿಂದ ಇದು ಸಂರಕ್ಷಿತ ಜಾಗ, ಮೆಟ್ಟಿಲು, ಹಿಡಿಯಲು ಕಂಬಿ ಏನನ್ನೂ ನಿರೀಕ್ಷಿಸಬೇಡಿ. ನೆರಳೂ ಕಡಿಮೆ. ನಾವು ಇಳಿದದ್ದು ಹನ್ನೆರಡು ಗಂಟೆ ಬಿಸಿಲಲ್ಲಿ, ಮೂರು ಜನಕ್ಕೆ ಒಂದೂವರೆ ಲೀಟರ್ ನೀರು ಇಟ್ಟುಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು.

"ಏನೇ ಇದು, ಇದಕ್ಕೆ ದಾರಿ ಅಂತಾರಾ?" ಅಮ್ಮ ಅರ್ಧದಲ್ಲಿ ಕೇಳಿದರು. ಆಗಲೇ ವಾಪಸ್ ಹತ್ತಬೇಕಿತ್ತು. ಇಷ್ಟು ದೂರ ಬಂದಿದ್ದೀವಲ್ಲ ಅಂತ ನಾನೇ ಎಳೆದುಕೊಂಡು ಹೋದೆ. ಇನ್ನು ಸ್ವಲ್ಪ ಇಳಿದ ಮೇಲೆ ಅವರ ಚಪ್ಪಲಿ ಬಾರು ಕಿತ್ತಿತು. ಮೊಣಕಾಲೂರಿ ಬಿದ್ದರು. ಚೂಡಿದಾರ್ ಹರಿದು ಮಂಡಿ ತರಚಿ ರಕ್ತ. ಗಂಡನ ಚಪ್ಪಲಿ ಅವರಿಗೆ ಕೊಟ್ಟು, ಅವನು ಬರಿಗಾಲಲ್ಲಿ ಇಳಿದ. ಕೆಳಗೆ ತಲುಪಲು ಐವತ್ತು ನಿಮಿಷ.

ಕೆಳಗಿನ ಕಲ್ಲುಗಳು ದೂರದಿಂದ ಮೊಟ್ಟೆಯ ಹಾಗೆ ನುಣ್ಣಗೆ ಕಾಣುತ್ತವೆ. ಬಿಸಿಲಲ್ಲಿ ಕಾದ ಹಂಚು! ಗಂಡ ಕುಣಿದುಕೊಂಡೇ ನೀರಿಗೆ ಓಡಿದ. ದಡ ಇಳಿಜಾರು ಬೇರೆ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಕಲ್ಲುಗಳೂ ಗಳಗಳ ಅಂತ ಅದರ ಜೊತೆ ಹೊರಡುತ್ತವೆ. ಮರಳಿನ ಹಾಗೆ ಊರಿ ನಿಲ್ಲಲು ಆಗುವುದಿಲ್ಲ. ಅಮ್ಮ ದಡದಲ್ಲೇ ಕೂತರು.

ನನ್ನ ಸರದಿ ಆಮೇಲೆ ಬಂತು. ಅಮ್ಮನ ಫೋಟೋ ತೆಗೆಯೋಣ ಅಂತ ನೀರಿನಿಂದ ಪಕ್ಕದ ಬಂಡೆಗೆ ಹತ್ತಲು ಹೋದೆ. ಹಿಮ್ಮಡಿಗೆ ಏಳೆಂಟು ಸೂಜಿ ಒಟ್ಟಿಗೆ ಚುಚ್ಚಿದ ಹಾಗಾಯಿತು. ಸೀ ಅರ್ಚಿನ್. ಕರಿ ಚೆಂಡಿನ ತುಂಬ ಮುಳ್ಳು ನೆಟ್ಟ ಹಾಗಿರುವ ಜೀವಿ. ಅಲ್ಲಿಯವರು ಅದಕ್ಕೆ ಯೆಝ್ ಅಂತಾರೆ, ಅಂದರೆ ಹೆಡ್ಜ್‌ಹಾಗ್, ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ. ಉರುಳಾಡುವ ಸಣ್ಣ ಕಲ್ಲಿನ ಮೇಲೆ ಇವು ನಿಲ್ಲುವುದಿಲ್ಲ, ಅಲುಗಾಡದ ಬಂಡೆಯ ಸಂದಿಯಲ್ಲಿ ಕಚ್ಚಿಕೊಂಡಿರುತ್ತವೆ. ಹಾಗಾಗಿ ದಡದ ನಡುವೆ ನೀರಿಗಿಳಿದವರಿಗೆ ಸಿಗದ ಮುಳ್ಳು, ಬದಿಯ ಬಂಡೆ ಹತ್ತುವವರಿಗೆ ಸಿಗುತ್ತದೆ. ಎಳೆಯಲು ಹೋದರೆ ಮುರಿದು ತುಂಡು ಒಳಗೇ ಉಳಿಯುತ್ತದೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಚೀಲದಿಂದ ಚಿಮಟ ತೆಗೆದು, ಆಲಿವ್ ಎಣ್ಣೆ ಸವರಿ, ನಿಧಾನಕ್ಕೆ ನಾಲ್ಕು ತೆಗೆದುಕೊಟ್ಟಳು. ತಾಳುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ. ಆದರೆ ಕೀಲಿನ ಹತ್ತಿರ ಚುಚ್ಚಿದರೆ, ಊದಿಕೊಂಡರೆ ಸುಮ್ನೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಹೋಗಲಿ, ದೋಣಿಯಲ್ಲಿ ವಾಪಸ್ ಹೋಗೋಣ ಅಂದುಕೊಂಡೆವು. ನಾವು ಕೆಟ್ಟದ್ದು ಇಲ್ಲೇ. ದೋಣಿಗಳು ಆ ಸಂದಿಯ ಹೊರಗೇ ನಿಂತಿದ್ದವು, ಹತ್ತಬೇಕಾದರೆ ಈಜಿಕೊಂಡು ಹೋಗಬೇಕು. ಅಮ್ಮನಿಗೆ ಈಜು ಬರುವುದಿಲ್ಲ. ಅಷ್ಟರಲ್ಲಿ ಗಾಳಿ ಬೇರೆ ಎದ್ದಿತು. ಆಗ್ನೇಯದಿಂದ ಬರುವ ಈ ಗಾಳಿಗೆ ಅಲ್ಲಿ ಯುಗೊ ಅಂತ ಹೆಸರು. ಸ್ಟಿನಿವಾದ ಬಾಯಿ ದಕ್ಷಿಣಕ್ಕಿದೆ, ಯುಗೊ ಬೀಸಿದರೆ ಅಲೆ ನೇರ ಒಳಗೇ. ನೋಡನೋಡುತ್ತಾ ದೋಣಿಗಳು ಒಂದೊಂದಾಗಿ ಹೊರಟೇ ಹೋದವು.

ಉಳಿದದ್ದು ಅದೇ ಕಲ್ಲಿನ ದಾರಿ. ಅಮ್ಮನ ಮಂಡಿ ಊದಿತ್ತು, ನಾನು ಕುಂಟುತ್ತಿದ್ದೆ, ನೀರು ಮುಗಿದಿತ್ತು. ಹತ್ತಲು ಒಂದೂವರೆ ಗಂಟೆ. ಮಧ್ಯದಲ್ಲಿ ಒಂದು ಕಡೆ ಅಮ್ಮ ಕೂತು, "ನೀವಿಬ್ಬರೂ ಹೋಗ್ರಿ, ನಾನು ನಿಧಾನಕ್ಕೆ ಬರ್ತೀನಿ" ಅಂದಾಗ ನನಗೆ ಅಳುವೇ ಬಂತು. ಅಷ್ಟರಲ್ಲಿ ಇಳಿಯುತ್ತಿದ್ದ ಹುಡುಗರು ಎರಡು ಬಾಟಲಿ ನೀರು ಕೊಟ್ಟರು. ಇನ್ನೂ ಜಾಸ್ತಿ ಪೆಟ್ಟಾಗಿದ್ದರೆ 112ಕ್ಕೆ ಫೋನ್ ಮಾಡಬೇಕಿತ್ತು. ಕಡಲಲ್ಲಿ ತೊಂದರೆ ಆದರೆ ಅಲ್ಲಿ 195. ಎರಡನ್ನೂ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಮೊಣಕಾಲು ನೋವಿರುವವರು, ಸಣ್ಣ ಮಕ್ಕಳು ಜೊತೆಗಿದ್ದರೆ ಮೇಲಿನ ತುದಿಯಿಂದಲೇ ನೋಡಿ. ಈಜು ಬರುವವರು ಬೆಳಗ್ಗೇನೇ ಹೋಗಿ. ಲೇಸ್ ಕಟ್ಟುವ ಶೂ ಹಾಕಿ ಇಳಿಯಿರಿ, ನೀರಿಗೆ ಇಳಿಯುವಾಗ ಹಾಕುವ ವಾಟರ್ ಶೂ ಚೀಲದಲ್ಲಿರಲಿ. ದಡ ತಲುಪಿದ ಮೇಲೆ ಬದಲಾಯಿಸಬಹುದು. ಗಾಳಿ ಯಾವ ಕಡೆಯಿಂದ ಅಂತ ಹವಾಮಾನ ಆಪ್‌ನಲ್ಲಿ ನೋಡಿಯೇ ಹೊರಡಿ.

ಸಂಜೆ ಫೆರಿ ನಮ್ಮ ಕಣ್ಣೆದುರೇ ಹೊರಟಿತು. ಅವತ್ತಿನ ರೂಮಿಗೆ 140 ಯೂರೋ. ಮಾರನೇ ದಿನ ಬಂದರಿನ ಅಂಗಡಿಯ ಮುಂದೆ ವಾಟರ್ ಶೂ ಸಾಲಾಗಿ ನೇತುಹಾಕಿದ್ದರು, 12 ಯೂರೋ. ಅಮ್ಮ ಬೆಲೆ ಚೀಟಿ ಓದಿ ನನ್ನ ಮುಖ ನೋಡಿದರು.